ಮಲಗದ ಸ್ಕ್ರೀನು, ಕನಕರಾಜು ಬರೆದ ಮೂರು ಚೀಟಿ

ಬೆಳಗಿನ ಐದೂ ಮುಕ್ಕಾಲು. ಕುದೇರು ದಾಟಿ ಒಳದಾರಿ ಹಿಡಿದರೆ ಸಿಗುವ ಒಂದು ಊರಿನ ಹಾಲಿನ ಡೈರಿಯ ಮುಂದೆ ಸ್ಟೀಲ್ ಕ್ಯಾನುಗಳೂ ಪ್ಲಾಸ್ಟಿಕ್ ಬಕೆಟ್ಟುಗಳೂ ಸಾಲಾಗಿ ಕುಳಿತಿವೆ. ಅವುಗಳ ಹಿಂದೆ ಶಾಲು ಹೊದ್ದ ಜನ ಆಕಳಿಸುತ್ತ ನಿಂತಿದ್ದಾರೆ. ಒಳಗೆ ಗೋಡೆಗೆ ತಾಗಿಸಿ ಹಾಕಿದ ಬೆಂಚಿನ ಮೇಲೆ ಐವತ್ತೊಂದು ವರ್ಷದ ಕನಕರಾಜು ಕೈಕಟ್ಟಿಕೊಂಡು ಕುಳಿತಿದ್ದಾರೆ. ಗುಂಡ್ಲುಪೇಟೆಯಿಂದ ನಾಲ್ಕಕ್ಕೇ ಮೊಪೆಡ್ ಹತ್ತಿ ಬಂದವರು. ಕಂಪ್ಯೂಟರ್ ರಿಪೇರಿ ಅವರ ಕಸುಬು. ಆದರೆ ಇವತ್ತು ರಿಪೇರಿಯ ಚೀಲ ಕಾಲ ಬಳಿ ಬಿದ್ದಿದೆ, ಅದರ ಜಿಪ್ಪನ್ನೂ ಅವರು ತೆಗೆದಿಲ್ಲ. ಸುಮ್ಮನೆ ನೋಡುತ್ತಿದ್ದಾರೆ.

ನೋಡುತ್ತಿರುವುದು ಎದುರಿನ ಮೇಜಿನ ಮೇಲಿರುವ ಕಂಪ್ಯೂಟರಿನ ಸ್ಕ್ರೀನನ್ನು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಅದು ತಾನಾಗಿ ಕಪ್ಪಾಗಿ ಮಲಗಬೇಕು. ಎರಡು ತಿಂಗಳಿಂದ ಮಲಗಿಲ್ಲ. ಮಲಗದಿದ್ದರೆ ಗಂಟೇನು ಹೋಯಿತು ಅನ್ನಬೇಡಿ. ಸಂಜೆಯ ಹಾಲಿನ ವಿವರ ನೆಟ್ ಸಿಕ್ಕ ಹೊತ್ತಿಗೆ ತಾನೇ ಮೇಲಿನ ಕಚೇರಿಗೆ ಹೋಗಬೇಕಾದ್ದರಿಂದ ಈ ಕಂಪ್ಯೂಟರು ಇರುಳಿಡೀ ಆನ್ ಇರುತ್ತದೆ. ಕರೆಂಟು ಹೋದರೆ ಬ್ಯಾಟರಿಯೇ ಗತಿ. ಸ್ಕ್ರೀನು ಮಲಗಿದ್ದರೆ ಬ್ಯಾಟರಿ ಬೆಳಗಿನವರೆಗೆ ಬರುತ್ತದೆ, ಉರಿಯುತ್ತಿದ್ದರೆ ಎರಡು ಗಂಟೆಯಲ್ಲಿ ಖಾಲಿ. ಆಮೇಲೆ ಜನ ಹಾಲು ಹಿಡಿದು ಬರುವ ಹೊತ್ತಿಗೆ ಕಂಪ್ಯೂಟರೂ ಸತ್ತಿರುತ್ತದೆ, ಫ್ಯಾಟ್ ನೋಡುವ ಯಂತ್ರವೂ ಬಾಯಿ ಮುಚ್ಚಿರುತ್ತದೆ. ಎರಡು ತಿಂಗಳಲ್ಲಿ ಐದು ಬೆಳಗು ಹೀಗಾಗಿದೆ. ಅದರಲ್ಲೊಂದು ದಿನ ವ್ಯಾನಿನವನು ಕಾಯದೆ ಹೊರಟುಹೋಗಿ, ಕರೆದ ಹಾಲೆಲ್ಲ ಬಂದ ದಾರಿಯಲ್ಲೇ ಮನೆಗೆ ವಾಪಸಾಗಿದೆ.

ಇಷ್ಟಕ್ಕೂ ಹೊಣೆ ಭವ್ಯ ಎನ್ನುವುದು ಡೈರಿಯ ಆಡಳಿತ ಮಂಡಳಿಯ ಮಾತು. ಇಪ್ಪತ್ತೇಳರ ಭವ್ಯ ಇಲ್ಲಿನ ಆಪರೇಟರ್. ಸಂಜೆ ಹೋಗುವಾಗ ಸ್ಕ್ರೀನು ಆರಿಸದೆ ಹೋಗುತ್ತಾರೆ ಎಂಬುದು ದೂರು. ಆರಿಸಲು ಅದರ ಬಟನ್ ಇದ್ದರೆ ತಾನೆ? ಅದು ಒಳಕ್ಕೆ ಕುಸಿದು ವರ್ಷವಾಗಿದೆ. ಪ್ಲಗ್ ಕೀಳೋಣವೆಂದು ಒಮ್ಮೆ ಕೈಹಾಕಿದಾಗ ಬೇರೆ ವೈರೇ ಕಿತ್ತುಬಂದು ಒಂದು ಹೊತ್ತಿನ ವಿವರ ಪೂರ್ತಿ ಹಾಳಾಗಿತ್ತು. ಅಂದಿನಿಂದ 'ವೈರ್ ಮುಟ್ಟಬಾರದು' ಎಂದು ಅಧ್ಯಕ್ಷ ಚಿಕ್ಕಮಲ್ಲಪ್ಪನವರು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ. ಇವತ್ತು ಹತ್ತು ಗಂಟೆಗೆ ಮಂಡಳಿಯ ಸಭೆ. ಭವ್ಯ ಅವರನ್ನು ಕೆಲಸದಿಂದ ತೆಗೆಯುವುದೇ ಸಭೆಯ ವಿಷಯ. ಅದಕ್ಕೆ ಆಧಾರವಾಗಿ ಒಂದು ಚೀಟಿಯೂ ಇದೆ. 'ಪರೀಕ್ಷಿಸಲಾಗಿದೆ. ಯಂತ್ರದಲ್ಲಿ ದೋಷವಿಲ್ಲ.' ಕೆಳಗೆ ಸಹಿ: ಕನಕರಾಜು.

"ನೆನ್ನ ಸಂಜ ಆ ಮಗ ಭವ್ಯ ಫೋನ್ ಮಾಡ್ತು. 'ಅಣ್ಣಾ, ನೀವು ಬರ್ಕೊಟ್ಟ ಚೀಟಿನೇ ಮಡಿಕಂಡು ನನ್ನ ಬುಡುಸ್ತಾವ್ರ ಕಣಣ್ಣ' ಅಂತು. ಅಷ್ಟೇಯ. ಅಳ್ನಿಲ್ಲ, ಬೈನಿಲ್ಲ. ಬೈದಿದ್ರ ಒಸಿ ಸಮಾಧಾನ ಆಗದು ಕಣಪ್ಪ. ಉಣ್ಣಕ ಕೂತವ್ನು ಹಂಗೇ ಕೈ ತೊಳ್ಕಂಡು ಎದ್ಬುಟ್ಟೆ" ಎನ್ನುತ್ತಾರೆ ಕನಕರಾಜು.

ಭವ್ಯ ಅವರಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಡೈರಿ ಕೆಲಸ ಹೋದರೆ ಚಾಮರಾಜನಗರದ ಕಡೆ ಗಾರ್ಮೆಂಟ್ಸಿಗೆ ಹೋಗಬೇಕು. ಏಳು ಗಂಟೆಯ ಬಸ್ಸು ಹತ್ತಿದರೆ ಮಗುವಿನ ಮುಖ ಕಾಣುವುದು ಸಂಜೆಯೇ. ಊರಲ್ಲೇ ಇದ್ದು ಮಾಡಬಹುದಾದ ಕೆಲಸ ಇದೊಂದೇ. ಈಗ ಅವರು ಯಂತ್ರದ ಕೊಳವೆ ತೊಳೆಯುತ್ತಿದ್ದಾರೆ, ಬೆಂಚಿನ ಕಡೆ ತಿರುಗಿ ನೋಡುತ್ತಿಲ್ಲ.

ಕನಕರಾಜು ಹುಟ್ಟಿದ್ದು ಸಂತೆಮರಹಳ್ಳಿಯಲ್ಲಿ. ಹತ್ತನೇ ಕ್ಲಾಸು ಎರಡು ಸಲ ಬರೆದು, ಮೂರನೇ ಸಲಕ್ಕೆ ಪರೀಕ್ಷೆಯ ಗೋಜೇ ಬೇಡವೆಂದು ಟಿವಿ ರಿಪೇರಿಗೆ ಕುಳಿತವರು. ಆಗಿನ ಟಿವಿಗಳಿಗೆ ಹಿಂದೆ ದೊಡ್ಡ ಡುಬ್ಬ ಇರುತ್ತಿತ್ತು, ಒಳಗೆ ಕೈ ಹಾಕಿದರೆ ಜಾಡಿಸಿ ಒದೆಯುತ್ತಿತ್ತು. ಸಂತೆಯ ದಿನ ಸುತ್ತಲ ಊರಿನವರು ಗಾಡಿಯಲ್ಲಿ ಟಿವಿ ಹೇರಿಕೊಂಡು ಬಂದು, ಅಂಗಡಿ ಮುಂದೆ ಇಳಿಸಿ, ತರಕಾರಿ ತೆಗೆದುಕೊಂಡು ಬರುವಷ್ಟರಲ್ಲಿ ರೆಡಿ ಆಗಬೇಕು ಅನ್ನುತ್ತಿದ್ದರು. ಆಗುತ್ತಲೂ ಇತ್ತು. ಆಮೇಲೆ ಟಿವಿಗಳು ತೆಳ್ಳಗಾದವು. ಕೆಟ್ಟರೆ ರಿಪೇರಿಗಿಂತ ಹೊಸದೇ ವಾಸಿ ಎಂಬ ಕಾಲ ಬಂತು. ಅಂಗಡಿಗೆ ಜನ ಬರುವುದು ನಿಂತಿತು.

ಮೂವತ್ತಾರನೇ ವಯಸ್ಸಿನಲ್ಲಿ ಅವರು ಚಾಮರಾಜನಗರದ ಒಂದು ಕಂಪ್ಯೂಟರ್ ಸೆಂಟರಿಗೆ ಸೇರಿಕೊಂಡರು. ಅಕ್ಕಪಕ್ಕ ಕಾಲೇಜು ಹುಡುಗಿಯರು. "ಅಂಕಲ್, ಅಲ್ಲಲ್ಲ, ಎಡಗಡೆ ಒತ್ತಿ ಅಂತ ನಂಗ ಅವ್ರೇ ಏಳ್ಕೊಡಾರು. ನಾಚ್ಕ ಆಯ್ತಿತ್ತು. ಆದ್ರ ಡಬ್ಬಿ ಬಿಚ್ಚುದ್ ದಿವ್ಸ ಅವ್ರೆಲ್ಲ ಇಂದುಕ ಸರುದ್ರು, ನಾನು ಮುಂದುಕ ಹೋದೆ" ಎಂದು ನಗುತ್ತಾರೆ. ಆಮೇಲೆ ಹೆಂಡತಿ ಸೋಮಮ್ಮನ ಊರಾದ ಗುಂಡ್ಲುಪೇಟೆಗೆ ಬಂದು ಅಂಗಡಿ ಇಟ್ಟರು. ಹತ್ತಡಿ ಉದ್ದ, ಎಂಟಡಿ ಅಗಲ. ಅರ್ಧದಲ್ಲಿ ಸೋಮಮ್ಮನ ಹೊಲಿಗೆ ಮಿಷನ್ನು, ಇನ್ನರ್ಧದಲ್ಲಿ ಇವರ ತೆರೆದಿಟ್ಟ ಡಬ್ಬಿಗಳು. ಬ್ಲೌಸಿನ ಹುಕ್ಕು ಒಮ್ಮೊಮ್ಮೆ ಸಿಪಿಯುವಿನೊಳಗೆ ಸಿಗುವುದುಂಟು.

ಅಂಗಡಿಯಲ್ಲಿ ಅವರು ಇರುವುದೇ ಕಡಿಮೆ. ದಿನಕ್ಕೆ ತೊಂಬತ್ತು ಕಿಲೋಮೀಟರು ಮೊಪೆಡ್ಡು, ಆರೇಳು ಕಡೆ ಕೆಲಸ. ಪಂಚಾಯ್ತಿ, ಶಾಲೆ, ಗ್ರಂಥಾಲಯ, ಡೈರಿ. ಕೇರಳದ ಗಡಿಯ ಕಾಡಂಚಿನ ಮದ್ದೂರಿನ ಕಡೆ ಹೋದರೆ ಬಿಸಿಲು ಇಳಿಯುವ ಮುಂಚೆ ಕಾಡು ದಾಟಿ ವಾಪಸಾಗಬೇಕು, ಆನೆಗೆ ಅರ್ಜೆಂಟ್ ಕೆಲಸ ಅಂದರೆ ಅರ್ಥವಾಗುವುದಿಲ್ಲ. ಚೆಂಡುಹೂವಿನ ಕಾಲದಲ್ಲಿ ಕೇರಳದ ವ್ಯಾಪಾರಿಗಳ ತೂಕದ ಮನೆಗಳಲ್ಲೂ ಇವರದೇ ರಿಪೇರಿ. "ಶರಿಯಾಯೋ ಚೇಟ್ಟಾ", ಸರಿಹೋಯಿತೇ ಅಣ್ಣಾ, ಎಂದು ಅವರು ಕೇಳುತ್ತಾರೆ, "ಶರಿಯಾಯಿ" ಎಂದು ಇವರು ಡಬ್ಬಿ ಮುಚ್ಚುತ್ತಾರೆ. ಇವರ ಮಲಯಾಳ ಅಲ್ಲಿಗೆ ಮುಗಿಯಿತು. ಡಬ್ಬಿಗಳೊಳಗೆ ಸಿಗುವುದನ್ನು ಕೇಳಬೇಡಿ. ಹಲ್ಲಿ, ಇರುವೆ ಗೂಡು, ಅರಿಶಿನ, ಒಮ್ಮೆ ಒಂದು ಬೆಳ್ಳಿಯ ಕಾಲುಂಗುರ.

ಈ ಕಸುಬಿನಲ್ಲಿ ಕನಕರಾಜು ಬೆಳೆಸಿಕೊಂಡ ಎರಡು ಅಭ್ಯಾಸಗಳಿವೆ. ಒಂದು, ಯಾರ ಕಂಪ್ಯೂಟರಿನ ಮುಂದೆ ಕೂತರೂ ಮೊದಲು ಅವರ ಮೌಸನ್ನು ಕಿತ್ತು ಪಕ್ಕಕ್ಕಿಟ್ಟು ತಮ್ಮ ಮೌಸನ್ನು ಹಾಕಿಕೊಳ್ಳುವುದು. ಹಳ್ಳಿ ಕಚೇರಿಗಳ ಮೌಸುಗಳು ಹಾಲು, ಕುಂಕುಮ, ಬೋಂಡದ ಎಣ್ಣೆ ಎಲ್ಲವನ್ನೂ ಕಂಡಿರುತ್ತವೆ, ಕೈಗೆ ಅಂಟುತ್ತವೆ. ತಮ್ಮ ಮೌಸಿನ ಕೆಳಗೆ ಹಾಸಲು ಸೋಮಮ್ಮ ಹೊಲಿದುಕೊಟ್ಟ ರೆಕ್ಸಿನ್ ತುಂಡೊಂದು ಸದಾ ಚೀಲದಲ್ಲಿರುತ್ತದೆ. ಎರಡು, ಕೆಲಸ ಮುಗಿದ ಮೇಲೆ ಚೀಟಿ ಬರೆದುಕೊಡುವುದು. ಏನು ಕೆಟ್ಟಿತ್ತು, ಏನು ಮಾಡಿದೆ, ಸಹಿ. ಆ ಚೀಟಿಗೆ ಸುತ್ತಲ ಊರುಗಳಲ್ಲಿ ಬೆಲೆಯಿದೆ. ರಾಜು ಬರೆದಿದ್ದಾನೆ ಅಂದರೆ ಆಯಿತು, ಮತ್ತೆ ಮಾತಿಲ್ಲ. ಈ ಎರಡೂ ಅಭ್ಯಾಸ ಸೇರಿಯೇ ಭವ್ಯ ಅವರಿಗೆ ಮುಳುವಾದದ್ದು ಎಂಬುದು ಕನಕರಾಜುವಿಗೆ ತಿಳಿಯಲು ಈ ಬೆಳಗು ಬರಬೇಕಾಯಿತು.

ಡೈರಿಗೆ ಅವರು ಈ ಮೊದಲು ಎರಡು ಸಲ ಬಂದಿದ್ದರು. ಮೊದಲ ಸಲ ಸೆಟ್ಟಿಂಗ್ ನೋಡಿದರು, ಎಲ್ಲ ಸರಿಯಿತ್ತು. ಏನೂ ಮುಟ್ಟದೆ ಕುಳಿತರು. ಹತ್ತು ನಿಮಿಷಕ್ಕೆ ಸ್ಕ್ರೀನು ಕಪ್ಪಾಯಿತು. ಚೀಟಿ ಬರೆದರು. ಅವರು ಕುದೇರು ಮುಟ್ಟುವಷ್ಟರಲ್ಲಿ ಭವ್ಯ ಫೋನ್ ಮಾಡಿದರು: ಮತ್ತೆ ಎಚ್ಚರ. ಎರಡನೇ ಸಲ ವಿಂಡೋಸನ್ನೇ ಹೊಸದಾಗಿ ಹಾಕಿದರು, ಕೀಬೋರ್ಡ್ ಬದಲಾಯಿಸಿದರು. ಕುಳಿತರು. ಮತ್ತೆ ಹತ್ತೇ ನಿಮಿಷಕ್ಕೆ ಕಪ್ಪು. ಮತ್ತೆ ಚೀಟಿ. ಹಾಲು ಹಾಕುವವರಿಗೆ ಇದೊಂದು ತಮಾಷೆಯಾಯಿತು. ರಾಜಣ್ಣನ ಕಂಡರೆ ಅದಕ್ಕೆ ಹೆದರಿಕೆ, ಕಣ್ಣು ಮುಚ್ಚಿಕೊಂಡು ಬಿಡುತ್ತದೆ ಎಂದು ನಕ್ಕರು. ಚಿಕ್ಕಮಲ್ಲಪ್ಪನವರು ನಗಲಿಲ್ಲ. ಮೆಕ್ಯಾನಿಕ್ ಇದ್ದಾಗ ಮಲಗುತ್ತದೆ, ಆಪರೇಟರ್ ಇದ್ದಾಗ ಮಲಗುವುದಿಲ್ಲ ಅಂದರೆ ತಪ್ಪು ಯಾರದು ಎಂದು ಲೆಕ್ಕ ಹಾಕಿದರು. ಲೆಕ್ಕ ಮೇಲುನೋಟಕ್ಕೆ ಸರಿಯಾಗಿಯೇ ಇತ್ತು.

"ದಾರಿ ಉದ್ದಕ್ಕೂ ಅದೇ ಯೋಚ್ನ ಮಾಡ್ಕಂಡ್ ಬಂದಿ" ಎನ್ನುತ್ತಾರೆ ಕನಕರಾಜು. "ನಾನಿದ್ರ ಮಲುಗ್ತದ, ನಾನೋದ್ರ ಏಳ್ತದ. ಅಂದ್ರ ನಾನೇ ಏನೋ ಬದ್ಲಾಯಿಸ್ತಾ ಇವ್ನಿ, ಓಗೋವಾಗ ಮತ್ತ ಇದ್ದಂಗೇ ಮಾಡಿ ಓಯ್ತಾ ಇವ್ನಿ. ಅದೇನು ಅಂತ ಗೊತ್ತಾಯ್ತಾ ಇಲ್ಲ. ಇವತ್ತು ಚೀಲನೇ ಬಿಚ್ಚದು ಬ್ಯಾಡ ಅಂದ್ಕಂಡಿ."

ಅದಕ್ಕೇ ಕೈಕಟ್ಟಿ ಕುಳಿತದ್ದು. ಐದು ನಿಮಿಷ ಕಳೆಯಿತು, ಏಳು, ಹತ್ತು. ಸ್ಕ್ರೀನು ಉರಿಯುತ್ತಲೇ ಇದೆ. ಹನ್ನೆರಡನೇ ನಿಮಿಷಕ್ಕೆ ಕನಕರಾಜು ಕನ್ನಡಕ ಹಾಕಿಕೊಂಡು ಎದ್ದು, ಮೇಜಿಗೆ ಕೈ ತಾಗಿಸದೆ ಬಗ್ಗಿ, ಸ್ಕ್ರೀನಿಗೆ ಮೂಗು ತಗಲುವಷ್ಟು ಹತ್ತಿರ ಹೋಗುತ್ತಾರೆ. ಮೂಲೆಯಲ್ಲಿ ನಿಂತ ಬಾಣದ ಗುರುತು ಎಳ್ಳಿನಷ್ಟು ಅಲುಗುತ್ತದೆ. ನಿಲ್ಲುತ್ತದೆ. ಮತ್ತೆ ಅಲುಗುತ್ತದೆ. ಮೌಸನ್ನು ಯಾರೂ ಮುಟ್ಟಿಲ್ಲ. ಅದು ಮೇಜಿನ ಗಾಜಿನ ಮೇಲೆ ತನ್ನ ಪಾಡಿಗೆ ತಾನಿದೆ.

"ಭವ್ಯಾ, ಇದ್ರ ತಳಕ್ಕ ಏನೂ ಹಾಸಿಲ್ವಲ್ಲವ್ವ? ನಾನು ಪ್ಯಾಡು ಕೊಟ್ಟಿದ್ದು ಹಾಸಕ ಅಲ್ವ?"

ಭವ್ಯ ಗೋಡೆಯ ಕಡೆ ನೋಡುತ್ತಾರೆ. ಕನಕರಾಜುವೂ ನೋಡುತ್ತಾರೆ. ಗೋಡೆಯಲ್ಲಿ ಮಾದಪ್ಪ ಹುಲಿಯ ಮೇಲೆ ಕುಳಿತಿದ್ದಾನೆ. ಮೂರು ಬೆರಳಿನ ವಿಭೂತಿ, ಕನಕಾಂಬರದ ಹಾರ, ಕೆಳಗೆ ಊದುಬತ್ತಿಯ ಬೂದಿ. ಹಾರದ ಮರೆಯಲ್ಲಿ ಒಂದು ಫೋನ್ ನಂಬರು. ಅದು ಕನಕರಾಜುವಿನದೇ.

ಎರಡು ತಿಂಗಳ ಹಿಂದೆ ಅಂಗಡಿಗೆ ಹತ್ತು ವರ್ಷ ತುಂಬಿದಾಗ ಅವರು ನೂರೈವತ್ತು ಮೌಸ್ ಪ್ಯಾಡು ಮಾಡಿಸಿ, ಹಳೆಯ ಹರಕು ಹಾಸುಗಳನ್ನು ತೆಗೆಸಿ ಹಂಚಿದ್ದರು. ಮಾದಪ್ಪನ ಚಿತ್ರವಿದ್ದರೆ ಯಾರೂ ಎಸೆಯುವುದಿಲ್ಲ, ನಂಬರೂ ಕಣ್ಣ ಮುಂದಿರುತ್ತದೆ ಎಂಬ ಉಪಾಯ. ಯಾರೂ ಎಸೆಯಲಿಲ್ಲ ನಿಜ. ಮಾದಪ್ಪನ ಒಕ್ಕಲಿರುವ ಸೀಮೆಯಲ್ಲಿ ಅವನ ಮುಖದ ಮೇಲೆ ಮೌಸು ಉಜ್ಜುವ ಧೈರ್ಯವೂ ಯಾರಿಗೂ ಬರಲಿಲ್ಲ. ಕೊಟ್ಟ ಕೊಟ್ಟ ಕಡೆಯೆಲ್ಲ ಪ್ಯಾಡು ಗೋಡೆ ಹತ್ತಿತು, ಮೌಸು ಗಾಜಿನ ಮೇಲೆ ಕುಳಿತಿತು. ಕನಕರಾಜು ಹೋದಲ್ಲೆಲ್ಲ ಆ ಪ್ಯಾಡಿಗೆ ಕೈ ಮುಗಿದೇ ಕೆಲಸ ಶುರು ಮಾಡುತ್ತಿದ್ದರು. ತಮ್ಮ ಉಡುಗೊರೆಗೆ ಎಂಥ ಮರ್ಯಾದೆ ಸಿಕ್ಕಿತಲ್ಲ ಎಂದು ಒಳಗೊಳಗೇ ಬೀಗುತ್ತಲೂ ಇದ್ದರು. ಆಮೇಲೆ ತಮ್ಮ ಮೌಸು, ತಮ್ಮ ರೆಕ್ಸಿನ್ನು ಹಾಸಿಕೊಂಡು ಕೂರುತ್ತಿದ್ದರು.

ಮೌಸಿನ ಹೊಟ್ಟೆಯಲ್ಲಿ ಒಂದು ಕೆಂಪು ಕಣ್ಣಿರುತ್ತದೆ. ಕೆಳಗಿನ ಹಾಸು ಸರಿದಂತೆ ಕಂಡರೆ ತಾನು ಓಡುತ್ತಿದ್ದೇನೆ ಎಂದು ಅದು ತಿಳಿಯುತ್ತದೆ. ಗಾಜಿನ ಮೇಲೆ ಆ ಕಣ್ಣಿಗೆ ಹಿಡಿತ ಸಿಗುವುದಿಲ್ಲ, ನಿಂತಲ್ಲೇ ಓಡಿದ ಭ್ರಮೆ. ಕಂಪ್ಯೂಟರು ಯಾರೋ ಕೆಲಸ ಮಾಡುತ್ತಿದ್ದಾರೆ ಅಂದುಕೊಳ್ಳುತ್ತದೆ. ಕೆಲಸ ಮಾಡುವವರ ಎದುರು ಸ್ಕ್ರೀನು ಮಲಗುವುದಾದರೂ ಹೇಗೆ?

"ಅಯ್ಯೋ ನನ್ನ ಬುದ್ಧಿಗ ಬೆಂಕಿ ಹಾಕ" ಎಂದು ಕನಕರಾಜು ಹಣೆ ಬಡಿದುಕೊಳ್ಳುವ ಹೊತ್ತಿಗೇ ಚಿಕ್ಕಮಲ್ಲಪ್ಪನವರು ಒಳಗೆ ಬರುತ್ತಾರೆ. ಜೇಬಿನಲ್ಲಿ ಸಭೆಯ ಕಾಗದಗಳಿವೆ.

"ಏನಪ್ಪ ಕನಕರಾಜು, ಯಾರೂ ಕರೀದೆ ಬಂದ್ಬುಟ್ಟಿದೀಯೆ?"

"ಅಧ್ಯಕ್ಷರೇ, ನಾನು ಬರ್ಕೊಟ್ಟ ಚೀಟಿ ಒಸಿ ಕೊಡಿ."

ಚಿಕ್ಕಮಲ್ಲಪ್ಪನವರು ಅನುಮಾನದಿಂದಲೇ ಚೀಟಿ ಕೊಡುತ್ತಾರೆ. ಹರಿದುಹಾಕಬಹುದು ಎಂಬ ಭಯ ಅವರಿಗೆ. ಕನಕರಾಜು ಹರಿಯುವುದಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ, ಮೌಸನ್ನು ಎತ್ತಿ, ಅದರ ಕೆಳಗೆ ಹಾಸುತ್ತಾರೆ. "ಹತ್ತು ನಿಮಿಷ. ಯಾರೂ ಇದ್ನ ಮುಟ್ಬ್ಯಾಡಿ."

"ಅತ್ ನಿಮಿಷ ಅಂದ್ರ ಆಲು ಕಾಯ್ತದೇನಪ್ಪ? ಏಳ್ಗ ವ್ಯಾನ್ ಬತ್ತದ."

"ಎರಡ್ ತಿಂಗ್ಳು ಕಾದಿದೀರಿ. ಇನ್ನತ್ತು ನಿಮಿಷ ಕಾಯ್ರಿ."

ಸಾಲು ಕರಗಿ ಜನ ಬಾಗಿಲಿಗೆ ಬರುತ್ತಾರೆ. ಬಕೆಟ್ಟು ಹಿಡಿದ ಇಪ್ಪತ್ತು ಮೂವತ್ತು ಜನ ಒಂದು ಸ್ಕ್ರೀನು ಆರಲಿ ಎಂದು ಕಾಯುತ್ತಾರೆ. ಎಪ್ಪತ್ತು ದಾಟಿದ ದೊಡ್ಡಮಲ್ಲಮ್ಮ ಹೊಸಿಲ ಮೇಲೆ ಕುಳಿತು, "ಕೂಸ್ ಮಲಗ್ಸಂಗ ಮಾಡ್ತಿದ್ದೀಯಲ್ಲ ಮಗ, ಜೋಗುಳ ಏಳ್ಲಾ?" ಎಂದು ಕೇಳುತ್ತಾರೆ. ಜನ ನಗುತ್ತಾರೆ. ಭವ್ಯ ನಗುವುದಿಲ್ಲ. ಅವರ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇದೆ, ಅದರಿಂದ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿದೆ. ಏಳು ನಿಮಿಷ. ಎಂಟು. ಬಾಣದ ಗುರುತು ಮೂಲೆಯಲ್ಲಿ ಅಲುಗದೆ ನಿಂತಿದೆ. ಒಂಬತ್ತು. ಯಾರೋ ಕೆಮ್ಮಿದರೆ ಉಳಿದವರು ಅವರನ್ನು ದುರುಗುಟ್ಟಿ ನೋಡುತ್ತಾರೆ.

ಸ್ಕ್ರೀನು ಕಪ್ಪಾಗುತ್ತದೆ.

ಕನಕರಾಜು ಮೌಸನ್ನು ಒಮ್ಮೆ ತಟ್ಟಿ ಸ್ಕ್ರೀನನ್ನು ಎಬ್ಬಿಸಿ, ಚೀಟಿ ತೆಗೆದು ಬರಿಗಾಜಿನ ಮೇಲೆ ಮೌಸು ಇಟ್ಟು, ಅಲುಗುವ ಬಾಣವನ್ನೂ ಗೋಡೆಯ ಪ್ಯಾಡನ್ನೂ ಚಿಕ್ಕಮಲ್ಲಪ್ಪನವರಿಗೆ ಬೆರಳಿಟ್ಟು ತೋರಿಸುತ್ತಾರೆ. ಅಧ್ಯಕ್ಷರು ಕನ್ನಡಕ ಏರಿಸಿ ನೋಡುತ್ತಾರೆ, ಇಳಿಸಿ ನೋಡುತ್ತಾರೆ. "ಅಂಗಾರೆ ಈ ಪ್ಯಾಡ್ನ ಗ್ವಾಡಗ ನೇತಾಕ್ದೋರ್ ಯಾರು?" ಎಂದು ದನಿ ಏರಿಸುತ್ತಾರೆ. ಅವರಿಗೆ ಈಗಲೂ ತಪ್ಪಿತಸ್ಥರು ಯಾರಾದರೂ ಬೇಕು.

"ನಾನೇ ಕಣ" ಎನ್ನುತ್ತಾರೆ ಹೊಸಿಲ ಮೇಲಿನ ದೊಡ್ಡಮಲ್ಲಮ್ಮ. "ಆ ಮಗ ಅದ್ರ ಮ್ಯಾಲ ಕೈ ಆಡುಸ್ತಾ ಕೂತಿತ್ತು. ಮಾದಪ್ಪನ ಮೊಕದ್ ಮ್ಯಾಲ ಅದ ಇಟ್ಟು ಉಜ್ಜಾದೇನಮ್ಮಿ, ಎತ್ತು ಮ್ಯಾಕ ಅಂದಿ. ನೀನೂವೆ ಇದ್ದಲ್ಲ ಚಿಕ್ಮಲ್ಲಪ್ಪ, ಮೊಳ ಒಡ್ದೋನು ನೀನೇ ಅಲ್ವ?"

ಚಿಕ್ಕಮಲ್ಲಪ್ಪನವರು ಗೋಡೆ ನೋಡುತ್ತಾರೆ. ಮೊಳೆ ಅವರು ಹೊಡೆದದ್ದೇ. 

ಕನಕರಾಜು ಈಗ ಚೀಲ ಬಿಚ್ಚಿ ಚೀಟಿ ಪುಸ್ತಕ ತೆಗೆಯುತ್ತಾರೆ. ನಿಂತುಕೊಂಡೇ ಬರೆಯುತ್ತಾರೆ. 'ಸ್ಕ್ರೀನು ಮಲಗದಿರಲು ಕಾರಣ ಗಾಜಿನ ಮೇಲಿಟ್ಟ ಮೌಸು. ಮೊದಲೆರಡು ಚೀಟಿ ತಪ್ಪು. ತಪ್ಪು ನನ್ನದು, ಆಪರೇಟರ್ ಭವ್ಯ ಅವರದಲ್ಲ.' ಸಹಿ ಹಾಕಿ, ಬಾಗಿಲಲ್ಲಿ ನಿಂತವರಿಗೆಲ್ಲ ಕೇಳುವಂತೆ ಒಂದು ಸಲ ಓದಿ, ಅಧ್ಯಕ್ಷರ ಕೈಗೆ ಕೊಡುತ್ತಾರೆ. ತಮ್ಮ ರೆಕ್ಸಿನ್ ತುಂಡನ್ನು ಡೈರಿಯ ಮೌಸಿನ ಕೆಳಗೆ ಹಾಸುತ್ತಾರೆ. ಭವ್ಯ ಮೊದಲ ಕ್ಯಾನನ್ನು ತೂಕಕ್ಕೆ ಎತ್ತುತ್ತಾರೆ. ಅವರ ಕಣ್ಣಲ್ಲಿ ನೀರಿದೆ, ಕೈಗೆ ಮಾತ್ರ ಬಿಡುವಿಲ್ಲ. ಹಾಲಿನ ವ್ಯಾನು ಬರುವಷ್ಟರಲ್ಲಿ ಸಾಲು ಮುಗಿದಿದೆ.

ಹತ್ತು ಗಂಟೆಯ ಸಭೆ ನಡೆಯಿತೇ? ನಡೆಯಿತು. "ಕೂತ್ಕಂಡೊ, ಕಾಪಿ ಕುಡ್ದೊ, ಎದ್ದೊ" ಎನ್ನುತ್ತಾರೆ ಚಿಕ್ಕಮಲ್ಲಪ್ಪನವರು. ಡೈರಿಯ ಹೆಸರು ಮಾತ್ರ ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. ಬರೆದಿಲ್ಲ.

ಇದು ಮೂರು ವಾರದ ಹಿಂದಿನ ಬೆಳಗು. ಅಂದಿನಿಂದ ಕನಕರಾಜುವಿನ ಮೊಪೆಡ್ಡಿಗೆ ಇನ್ನೊಂದು ಚೀಲ ಸೇರಿದೆ. ಅದರ ತುಂಬ ಸೋಮಮ್ಮ ಕತ್ತರಿಸಿ ಅಂಚು ಹೊಲಿದ ಕಪ್ಪು ರೆಕ್ಸಿನ್ ತುಂಡುಗಳು. ದೇವರಿಲ್ಲ, ಹೂವಿಲ್ಲ, ನಂಬರೂ ಇಲ್ಲ. ಪ್ಯಾಡು ಕೊಟ್ಟ ಜಾಗಗಳನ್ನೆಲ್ಲ ನೆನಪು ಮಾಡಿಕೊಂಡು ದಿನಕ್ಕೆ ನಾಲ್ಕೈದು ಕಡೆ ಹೋಗಿ, ಗಾಜಿನ ಮೇಜಿದ್ದಲ್ಲಿ ಒಂದೊಂದು ಹಾಸಿ ಬರುತ್ತಿದ್ದಾರೆ. ಅರವತ್ತೆಂಟು ಕಡೆ ಆಗಿದೆ. ಅದರಲ್ಲಿ ಹನ್ನೊಂದು ಕಡೆ ಸ್ಕ್ರೀನು ಮಲಗುತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ ಅಷ್ಟೆ. ಒಂದು ಶಾಲೆಯ ಮೇಷ್ಟ್ರು ರಾತ್ರಿ ಹೊತ್ತು ಸ್ಕ್ರೀನಿಗೆ ಟವೆಲ್ಲು ಹೊದಿಸಿ ಹೋಗುತ್ತಿದ್ದರಂತೆ. ಗೋಡೆಯ ಮೇಲಿನ ಮಾದಪ್ಪನನ್ನು ಎಲ್ಲೂ ಇಳಿಸಿಲ್ಲ. "ಅವ್ನು ಅಲ್ಲೇ ಇರ್ಲಿ ಬುಡಿ. ಅವ್ನ ತಂದು ಮೇಜಿನ ಮ್ಯಾಲ ಕೂರ್ಸಿದ್ದು ನಾನು. ಜನ ಎತ್ತಿ ಸರ್ಯಾದ ಜಾಗುಕ ಮಡಗಿದ್ರು."

ಚೀಟಿ ಪುಸ್ತಕವೂ ಬದಲಾಗಿದೆ. ಹಳೆಯದರಲ್ಲಿ 'ಯಂತ್ರದಲ್ಲಿ ದೋಷವಿಲ್ಲ' ಎಂದು ಅಚ್ಚು ಹಾಕಿಸಿದ್ದ ಸಾಲಿತ್ತು, ಏನೂ ಸಿಗದಾಗ ಅದರ ಕೆಳಗೆ ಗೀಟು ಎಳೆದು ಸಹಿ ಮಾಡಿದರೆ ಸಾಕಿತ್ತು. ಹೊಸದರಲ್ಲಿ ಆ ಜಾಗದಲ್ಲಿ 'ನನಗೆ ದೋಷ ಸಿಕ್ಕಲಿಲ್ಲ' ಎಂದಿದೆ. ಪ್ರೆಸ್ಸಿನವರು ಹೀಗೆ ಬರೆದರೆ ನಿಮ್ಮ ವ್ಯಾಪಾರಕ್ಕೆ ಏಟು ಬೀಳುತ್ತದೆ ಅಂದರಂತೆ. "ಬಿದ್ರ ಬೀಳ್ಲಿ. ನಂಗ ಸಿಕ್ನಿಲ್ಲ ಅಂದ್ರ ನಂಗ ಸಿಕ್ನಿಲ್ಲ, ಅಷ್ಟೇಯ. ಅದ್ಕ ಇನ್ನೊಬ್ರು ಮನ ಕೆಡಬಾರ್ದು."

ಮುಂದಿನ ಆಸೆ ಏನು ಎಂದರೆ ಅಂಗಡಿ ದೊಡ್ಡದು ಮಾಡಬೇಕು, ಹೊಸ ಗಾಡಿ ಕೊಳ್ಳಬೇಕು ಎಂಬ ಮಾತು ಬರುವುದಿಲ್ಲ. ಕನಕರಾಜು ಜೇಬಿನಿಂದ ಫೋನು ತೆಗೆದು ತೋರಿಸುತ್ತಾರೆ. ದಿನಾ ಬೆಳಗ್ಗೆ ಐದೂ ಮುಕ್ಕಾಲರ ಆಸುಪಾಸಿನಲ್ಲಿ ಒಂದೇ ನಂಬರಿನಿಂದ ಒಂದೊಂದು ಮಿಸ್ಡ್ ಕಾಲ್. ಇಪ್ಪತ್ತೊಂದು ದಿನ, ಇಪ್ಪತ್ತೊಂದು ಕಾಲ್. ಡೈರಿಯ ಬಾಗಿಲು ತೆಗೆದು, ಸ್ಕ್ರೀನು ಕಪ್ಪಗಿರುವುದನ್ನು ಕಂಡು, ಮೌಸು ತಟ್ಟಿ ಎಬ್ಬಿಸಿದ ಮೇಲೆ ಭವ್ಯ ಕೊಡುವ ಕಾಲ್ ಅದು.

"ನಾನು ಎತ್ತಲ್ಲ ಕಣಪ್ಪ. ಎತ್ತುಬುಟ್ರ ಅದ್ಕ ಕಾಸು ಓಯ್ತದ, ಕೆಲ್ಸುಕ್ಕೂ ತಡ ಆಯ್ತದ. ಒಂದ್ಸಲ ಬಡ್ಕಂಡು ನಿಂತೋಯ್ತದಲ್ಲ, ಸಾಕು. ಆ ಮಗ ಇನ್ನೂ ಊರಲ್ಲೇ ಅದ ಅಂತ ಅರ್ಥ. ಆಮೇಕ ಮೊಕ ತೊಳ್ಕತಿನಿ."